ಜಾಗ ತುಂಬಿದ ಗಳಿಗೆ: ಚಂದ್ರನೌಕೆಯ ಗಣಕಯಂತ್ರ

ಎಷ್ಟೇ ಸಮರ್ಥವಾದ ಗಣಕಯಂತ್ರವಾದರೂ ಅದರ ಸ್ಮೃತಿಗೊಂದು ಮಿತಿಯುಂಟು. ಕೆಲಸವೊಂದು ಜಾಗ ಕೇಳಿದಾಗ ಕೊಡಲು ಜಾಗವೇ ಇಲ್ಲದಿದ್ದರೆ ಯಂತ್ರವು ಏನು ಮಾಡಬೇಕು? 1969ರಲ್ಲಿ ಈ ಪ್ರಶ್ನೆಯ ಉತ್ತರವನ್ನು ಇಬ್ಬರ ಪ್ರಾಣಗಳು ಅವಲಂಬಿಸಿದ್ದವು.

ಅಪೊಲೊ 11ರ ಚಂದ್ರನೌಕೆಯ ಗಣಕವನ್ನು ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯವು ರೂಪಿಸಿತ್ತು. ಬರೆದು ಅಳಿಸಬಹುದಾದ ಅದರ ಸ್ಮೃತಿಯಲ್ಲಿ ಇದ್ದುದು 2,048 ಮನೆಗಳು ಮಾತ್ರ. ಒಂದೊಂದು ಮನೆಯಲ್ಲಿ ಒಂದೊಂದು ಸಂಖ್ಯೆ. ಹಾಲ್ ಲ್ಯಾನಿಂಗ್ ಅವರು ರಚಿಸಿದ ‘ಎಕ್ಸಿಕ್ಯೂಟಿವ್’ ಎಂಬ ವ್ಯವಸ್ಥೆಯು ಇಂದಿನ ಕರ್ನೆಲ್‌ನಂತೆ ಕೆಲಸಗಳಿಗೆ ಸರದಿಯನ್ನೂ ಜಾಗವನ್ನೂ ಹಂಚುತ್ತಿತ್ತು. ಪ್ರತಿ ಕೆಲಸಕ್ಕೆ 12 ಮನೆಗಳ ಒಂದು ಗುಂಪು. ಕೆಲಸ ಮುಗಿದೊಡನೆ ಅದು ಮತ್ತೊಂದಕ್ಕೆ.

ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿಯುತ್ತಿದ್ದಾಗ, ಅಗತ್ಯವಿಲ್ಲದ ರೇಡಾರ್ ಒಂದರ ಸಂಕೇತಗಳು ಗಣಕದ ವೇಳೆಯನ್ನು ಕಬಳಿಸತೊಡಗಿದವು. ಎರಡು ಸೆಕೆಂಡಿಗೊಮ್ಮೆ ಮಾಡಬೇಕಿದ್ದ ಲೆಕ್ಕವು ಮುಗಿಯುವ ಮೊದಲೇ ಮುಂದಿನದು ಬಂದು ನಿಂತಿತು. ಹಳೆಯದು ಜಾಗ ಬಿಡಲಿಲ್ಲ, ಹೊಸದಕ್ಕೆ ಜಾಗ ಉಳಿಯಲಿಲ್ಲ. ಫಲಕದ ಮೇಲೆ 1202 ಎಂಬ ಎಚ್ಚರಿಕೆ ಮೂಡಿತು. ನೆಲ ಇನ್ನೂ ಸುಮಾರು 33 ಸಾವಿರ ಅಡಿ ಕೆಳಗಿತ್ತು.

ಯಂತ್ರವು ಅಲ್ಲಿಗೇ ಸ್ತಬ್ಧವಾಗಿದ್ದರೆ ಇಳಿಯುವ ಆಸೆಯನ್ನೇ ಬಿಡಬೇಕಾಗುತ್ತಿತ್ತು. ಆದರೆ ಜಾಗ ಸಿಗದ ಸಂದರ್ಭವನ್ನು ಅದರ ನಿರ್ಮಾತೃಗಳು ಮೊದಲೇ ಊಹಿಸಿದ್ದರು. ಎಕ್ಸಿಕ್ಯೂಟಿವ್ ಎಲ್ಲ ಕೆಲಸಗಳನ್ನೂ ಒಮ್ಮೆಲೇ ಕೈಬಿಟ್ಟು, ಕ್ಷಣಾರ್ಧದಲ್ಲಿ ಮರಳಿ ಆರಂಭವಾಯಿತು. ಎಂಜಿನ್ ನಿಯಂತ್ರಣ, ದಾರಿಯ ಲೆಕ್ಕ ಮುಂತಾದ ಮುಖ್ಯ ಕೆಲಸಗಳು ಎಲ್ಲಿಯವರೆಗೆ ಸಾಗಿದ್ದವೆಂಬ ಗುರುತನ್ನು ಆಗಾಗ ಬರೆದಿಡಲಾಗಿತ್ತು. ಅವು ಅಲ್ಲಿಂದಲೇ ಮುಂದುವರಿದವು. ಅರ್ಧಕ್ಕೆ ನಿಂತ ಹಳೆಯ ಲೆಕ್ಕಗಳು ಅಳಿಸಿಹೋದವು.

ಭೂಮಿಯ ಮೇಲಿನವರಿಗೂ ಪೂರ್ವಸಿದ್ಧತೆಯಿತ್ತು. ಕೆಲವೇ ವಾರಗಳ ಹಿಂದೆ ಅಣಕು ಅಭ್ಯಾಸದಲ್ಲಿ ಇಂತಹುದೇ ಎಚ್ಚರಿಕೆ ಬಂದಾಗ, ಅದರ ಅರ್ಥ ತಿಳಿಯದೆ ಇಳಿಯುವಿಕೆಯನ್ನು ರದ್ದುಮಾಡಿದ್ದರು. ಬಳಿಕ 24ರ ಹರೆಯದ ಜ್ಯಾಕ್ ಗಾರ್ಮನ್ ಎಲ್ಲ ಎಚ್ಚರಿಕೆಗಳ ಪಟ್ಟಿಯನ್ನು ಕೈಯಿಂದಲೇ ಬರೆದಿಟ್ಟುಕೊಂಡಿದ್ದರು. ಆ ದಿನ ಅವರ ಮಾತನ್ನು ನಂಬಿ ಸ್ಟೀವ್ ಬೇಲ್ಸ್ ಮುಂದುವರಿಯಲು ಸಮ್ಮತಿಸಿದರು. ಎಚ್ಚರಿಕೆ ಮತ್ತೆ ಮತ್ತೆ ಬಂದರೂ ಯಂತ್ರ ದಾರಿ ತಪ್ಪಲಿಲ್ಲ. ನಮ್ಮ ದೇಶದ ಗಡಿಯಾರದಲ್ಲಿ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷಕ್ಕೆ ನೌಕೆ ಚಂದ್ರನ ನೆಲ ಮುಟ್ಟಿತು.

ಇಂದಿನ ಲಿನಕ್ಸ್ ಕರ್ನೆಲ್ ಸಹ, ಸ್ಮೃತಿ ಪೂರ್ತಿ ತೀರಿದಾಗ ಒಂದು ಕೆಲಸವನ್ನು ಆರಿಸಿ ಕೊನೆಗೊಳಿಸಿ ಉಳಿದವನ್ನು ಕಾಪಾಡುತ್ತದೆ. ಏನನ್ನು ಬಿಡಬಹುದು, ಏನನ್ನು ಬಿಡಲಾಗದು ಎಂಬುದನ್ನು ಸಂಕಟ ಬರುವ ಮುನ್ನವೇ ನಿರ್ಧರಿಸಿಟ್ಟಿರಬೇಕು. ಚಂದ್ರನಲ್ಲಿಗೆ ಹೋದ ಆ ಪುಟ್ಟ ಯಂತ್ರ ಉಳಿಸಿಹೋದ ಪಾಠ ಇದು.