ಕರೆತರುವುದು ರಿಯಾಯಿತಿ, ಕಟ್ಟಿಹಾಕುವುದು ಬಿಡಿಭಾಗ: ಟೆಕ್ಸಸ್ ಕಾರ್ಖಾನೆಗಳ ಒಂದು ಅಧ್ಯಯನ

1992ರ ಫೆಬ್ರುವರಿಯಲ್ಲಿ ಜನರಲ್ ಮೋಟಾರ್ಸ್ ಎರಡು ಊರುಗಳ ಹಣೆಬರಹವನ್ನು ಒಟ್ಟಿಗೇ ಬರೆಯಿತು. ದೊಡ್ಡ ಸೆಡಾನ್ ಕಾರು ಜೋಡಿಸುತ್ತಿದ್ದ ಎರಡು ಕಾರ್ಖಾನೆಗಳಲ್ಲಿ ಒಂದನ್ನು ಮುಚ್ಚಬೇಕಿತ್ತು. ಮಿಷಿಗನ್‌ನ ವಿಲೋ ರನ್ ಹಳೆಯ ಮನೆತನದ್ದು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನ ಕಟ್ಟಿದ್ದು ಅಲ್ಲಿಯೇ. ಇನ್ನೊಂದು, ಡಲ್ಲಾಸ್ ಮಗ್ಗುಲಿನ ಆರ್ಲಿಂಗ್ಟನ್‌ನಲ್ಲಿ 1954ರಲ್ಲಿ ಶುರುವಾದದ್ದು. ಉಳಿದದ್ದು ಆರ್ಲಿಂಗ್ಟನ್.

ವಿಲೋ ರನ್‌ಗೆ ತೆರಿಗೆ ಬಿಟ್ಟುಕೊಟ್ಟಿದ್ದ ಇಪ್ಸಿಲಾಂಟಿ ಟೌನ್‌ಶಿಪ್ ಕೋರ್ಟಿನ ಮೆಟ್ಟಿಲು ಹತ್ತಿತು. 1993ರ ಫೆಬ್ರುವರಿಯಲ್ಲಿ ಅಲ್ಲಿನ ನ್ಯಾಯಾಧೀಶರು ಟೌನ್‌ಶಿಪ್ ಪರ ತೀರ್ಪಿತ್ತರು. ಆರೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ರಿಯಾಯಿತಿ ಕೇಳುವಾಗ ಕಂಪನಿ ಆಡುವ ಸವಿಮಾತು ವಾಗ್ದಾನವಾಗುವುದಿಲ್ಲ. ಉದ್ಯಮ ಆಕರ್ಷಣೆಯ ಬಗ್ಗೆ ಬರೆಯುವವರು ಹೂಡಿಕೆಯ ಅಂಕಿಗಳಿಗಿಂತ ಮೊದಲು ಓದಬೇಕಾದದ್ದು ಈ ಮೊಕದ್ದಮೆಯನ್ನು.

ಹಾಗಾದರೆ ಕಾರ್ಖಾನೆಯನ್ನು ನೆಲಕ್ಕೆ ಅಂಟಿಸುವುದು ಯಾವುದು? ಉತ್ತರದ ಒಂದು ತುಣುಕು ಆರ್ಲಿಂಗ್ಟನ್‌ನಲ್ಲೇ ಇದೆ. ಅಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಮಾಲ್ ಎಂಬ ಹಳೆಯ ಶಾಪಿಂಗ್ ಮಾಲ್ ಇತ್ತು. ವ್ಯಾಪಾರ ಬತ್ತಿ, ಅಂಗಡಿಗಳು ಖಾಲಿಯಾಗಿ, ಕೊನೆಗೆ ಅದನ್ನು ಕೆಡವಿದರು. ಅದೇ ಜಾಗದಲ್ಲಿ ಜನರಲ್ ಮೋಟಾರ್ಸ್‌ಗೆ ಬಿಡಿಭಾಗ ಒದಗಿಸುವವರ ಶೆಡ್ಡುಗಳು ಎದ್ದವು; ಮೆಕ್ಸಿಕೊದಲ್ಲಿದ್ದ ಒಂದಷ್ಟು ಕೆಲಸವೂ ಇತ್ತ ಬಂತು. ಸ್ಯಾನ್ ಆಂಟೋನಿಯೊದಲ್ಲಿ ಟೊಯೊಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2006ರಲ್ಲಿ ಟ್ರಕ್ ತಯಾರಿ ಆರಂಭಿಸಿದಾಗಲೇ ಇಪ್ಪತ್ತಕ್ಕೂ ಹೆಚ್ಚು ಪೂರೈಕೆದಾರರನ್ನು ತನ್ನ ಆವರಣದೊಳಗೇ ಕೂರಿಸಿತು. ತೆರಿಗೆ ರಿಯಾಯಿತಿಗೆ ಅವಧಿಯಿದೆ, ಅದು ಮುಗಿದಾಗ ಕಂಪನಿ ಗಂಟುಮೂಟೆ ಕಟ್ಟಬಹುದು. ಸೀಟು, ಆಕ್ಸಲ್ ತಯಾರಿಸುವ ಇಪ್ಪತ್ತು ನೆರೆಹೊರೆಯವರನ್ನು ಹೊತ್ತುಕೊಂಡು ಹೋಗುವುದು ಅಷ್ಟು ಸುಲಭವಲ್ಲ.

ಹ್ಯೂಸ್ಟನ್‌ನ ಹೊರವಲಯದ ಸೈಪ್ರೆಸ್‌ನಿಂದ 290ನೇ ಹೆದ್ದಾರಿಯಲ್ಲಿ ವಾಯುವ್ಯಕ್ಕೆ ಹೋದರೆ ವಾಲರ್ ಬಳಿ ಡೈಕಿನ್‌ನ ಎಸಿ ಕಾರ್ಖಾನೆ ಕಣ್ಣಿಗೆ ಬೀಳುತ್ತದೆ. 40 ಲಕ್ಷ ಚದರಡಿಗೂ ದೊಡ್ಡದು; 2017ರಲ್ಲಿ ಉದ್ಘಾಟನೆಯಾಯಿತು. ಜಪಾನಿನ ಕಂಪನಿ ಇಲ್ಲಿಗೇ ಬಂದದ್ದೇಕೆ? ಹ್ಯೂಸ್ಟನ್‌ನ ಸೆಕೆಯೇ ಹುಟ್ಟಿಸಿದ ಕಸುಬು ಅದು. 1975ರಲ್ಲಿ ಅಲ್ಲಿ ಶುರುವಾದ ಗುಡ್‌ಮನ್ ಕಂಪನಿಯನ್ನು ಡೈಕಿನ್ 2012ರಲ್ಲಿ ಕೊಂಡಿತ್ತು. ಆದರೆ ವಾಲರ್ ಕಾರ್ಖಾನೆಯ ಕೆಲಸವೆಲ್ಲ ಹೊಸದಲ್ಲ. ಟೆನೆಸಿಯ ಎರಡು ಊರುಗಳ ಕಾರ್ಖಾನೆಗಳನ್ನು ಮುಚ್ಚಿ ಇಲ್ಲಿಗೆ ಕೂಡಿಸಿದ್ದೂ ಅದರಲ್ಲಿ ಸೇರಿದೆ. ಒಂದು ರಾಜ್ಯದ ‘ಆಕರ್ಷಣೆ’ ಇನ್ನೊಂದರ ಬೀಗಮುದ್ರೆ.

ರಿಯಾಯಿತಿಯ ಲೆಕ್ಕ ಸ್ಪಷ್ಟವಾಗಿ ಕಾಣುವುದು ಆಸ್ಟಿನ್‌ನಲ್ಲಿ. ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಆಸ್ತಿ ತೆರಿಗೆಯ ದೊಡ್ಡ ಪಾಲು ಶಾಲೆಗಳದ್ದು. ಆದ್ದರಿಂದ 2001ರ ಕಾಯ್ದೆಯೊಂದು ಕಂಪನಿಗಳ ಆಸ್ತಿಮೌಲ್ಯಕ್ಕೆ ಹತ್ತು ವರ್ಷ ಮಿತಿ ಹಾಕುವ ಅಧಿಕಾರವನ್ನು ಶಾಲಾ ಜಿಲ್ಲೆಗಳಿಗೇ ಕೊಟ್ಟಿತು. ಖೋತಾ ತುಂಬಿಕೊಡುತ್ತಿದ್ದುದು ರಾಜ್ಯದ ಬೊಕ್ಕಸ. ಕೊಡುವವರದ್ದಲ್ಲದ ಹಣವಾದ್ದರಿಂದ ಕೈ ಧಾರಾಳವಾಗಿತ್ತು. 2020ರ ಜುಲೈನಲ್ಲಿ ಡೆಲ್ ವ್ಯಾಲಿ ಶಾಲಾ ಮಂಡಳಿ ಟೆಸ್ಲಾಗೆ ಒಪ್ಪಿಗೆ ಕೊಟ್ಟದ್ದು ಈ ಕಾಯ್ದೆಯಡಿ. ಕೊಲೊರಾಡೊ ನದಿ ದಂಡೆಯ ಹಳೆಯ ಮರಳು-ಜಲ್ಲಿ ಗಣಿಯಲ್ಲಿ ಕಾರ್ಖಾನೆ ಎದ್ದು 2022ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. 2001ರ ಆ ಕಾಯ್ದೆಯನ್ನು ಪರಿಶೀಲಿಸಿದ ಟೆಕ್ಸಸ್ ವಿಶ್ವವಿದ್ಯಾಲಯದ ನೇಥನ್ ಜೆನ್ಸನ್, ಶೇ. 85ರಿಂದ 90ರಷ್ಟು ಹೂಡಿಕೆ ರಿಯಾಯಿತಿ ಇಲ್ಲದಿದ್ದರೂ ಬರುತ್ತಿತ್ತು ಎಂದು ಅಂದಾಜಿಸಿದರು. 2022ರ ಕೊನೆಗೆ ಕಾಯ್ದೆಯ ಅವಧಿ ಮುಗಿಯಿತು. ಮರುವರ್ಷವೇ ಇನ್ನೊಂದು ಹೆಸರಿನಲ್ಲಿ ಅದರ ತಮ್ಮ ಹುಟ್ಟಿದ.

ಜೆನ್ಸನ್ ಅಂದಾಜಿಗೆ ಸ್ಯಾಮ್‌ಸಂಗ್ ಒಳ್ಳೆಯ ಪಕ್ಕವಾದ್ಯ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಕರೆಂಟು ಕೈಕೊಟ್ಟು ಆಸ್ಟಿನ್‌ನ ಅದರ ಚಿಪ್ ಕಾರ್ಖಾನೆ ವಾರಗಟ್ಟಲೆ ಕುಂಟಿತು. ಆದರೂ ಅದೇ ನವೆಂಬರಿನಲ್ಲಿ, ಅಲ್ಲಿಂದ ಸ್ವಲ್ಪ ದೂರದ ಟೇಲರ್‌ನಲ್ಲಿ 1,700 ಕೋಟಿ ಡಾಲರ್ ಹೂಡುವುದಾಗಿ ಕಂಪನಿ ಘೋಷಿಸಿತು. ಖಂಡಿತ, ಅಲ್ಲಿಯೂ ರಿಯಾಯಿತಿ ಸಿಕ್ಕಿತು. ಆದರೆ 1990ರ ದಶಕದಿಂದ ಆಸ್ಟಿನ್ ಸುತ್ತ ಬೆಳೆದ ಎಂಜಿನಿಯರುಗಳು, ಪೂರೈಕೆದಾರರು ಬೇರೆಡೆ ರಾತ್ರೋರಾತ್ರಿ ಸಿಗುವವರಲ್ಲ. 2025ರಲ್ಲಿ ಟೆಸ್ಲಾ ತನ್ನ ಮುಂದಿನ ಚಿಪ್‌ಗಾಗಿ ಸ್ಯಾಮ್‌ಸಂಗ್ ಜೊತೆ 1,650 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ತಯಾರಿಗೆ ಗೊತ್ತಾದ ಊರು ಟೇಲರ್.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. ಮೈಸೂರಿನ ಜಾವಾ, ಆಡುಗೋಡಿಯ ಮೈಕೊ, ಬಿಡದಿಯ ಟೊಯೊಟಾ ಎಂದು ನಮ್ಮ ವಾಹನ ಪರಂಪರೆಯೂ ಸಣ್ಣದಲ್ಲ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದದ್ದೂ ಕರ್ನಾಟಕವೇ. ಆದರೂ ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ತನ್ನ ದೊಡ್ಡ ಕಾರ್ಖಾನೆಯನ್ನು ಗಡಿ ದಾಟಿ ತಮಿಳುನಾಡಿನ ಹೊಸೂರಿನಲ್ಲಿ ಕಟ್ಟಿತು. ಓಲಾ ಕೂಡ ಅದೇ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ಹೊಸೂರಿನಲ್ಲಿ ಟಿವಿಎಸ್ ಮತ್ತು ಅಶೋಕ್ ಲೇಲ್ಯಾಂಡ್ ಸುತ್ತ ದಶಕಗಳಿಂದ ಬೆಳೆದ ಬಿಡಿಭಾಗದ ಜಾಲ ಎದುರಿಗಿರುವಾಗ, ನೀತಿಯ ಪುಸ್ತಕವೊಂದೇ ಸಾಲಲಿಲ್ಲ ಎಂದೇ ಈ ಲೇಖನದ ತೀರ್ಮಾನ.

2025ರ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಬದ್ಧತೆ ಘೋಷಣೆಯಾಯಿತು. ಈ ಬದ್ಧತೆಗಳ ಲೆಕ್ಕ ಇಡುವುದು ಹೇಗೆ? ಟೆಕ್ಸಸ್‌ನಲ್ಲಿ ಕಂಪನಿಗಳ ಅರ್ಜಿ, ಒಪ್ಪಂದಗಳನ್ನು ರಾಜ್ಯದ ಲೆಕ್ಕಾಧಿಕಾರಿ ಕಚೇರಿಯೇ ಜಾಲತಾಣದಲ್ಲಿ ಪ್ರಕಟಿಸುತ್ತಿತ್ತು. ಜೆನ್ಸನ್‌ರಂಥವರ ಸಂಶೋಧನೆಗೆ ದಾರಿಯಾದದ್ದು ಅದು. ನಮ್ಮ ಕೈಗಾರಿಕಾ ಇಲಾಖೆಯೂ ಪ್ರತಿ ಕಂಪನಿಗೆ ಕೊಟ್ಟ ಜಮೀನು, ಬಿಟ್ಟ ತೆರಿಗೆ, ಸಿಕ್ಕ ಕೆಲಸಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ.