ಕೇಳಿದ ಕಥೆ, ಮರಳಿದ ಓದುಗ: ಇಂಗ್ಲಿಷ್ ಅದ್ಭುತ ಕಾದಂಬರಿಗಳ ಬಾನುಲಿ ರೂಪಾಂತರಗಳ ಚರಿತ್ರೆ

ಬಾಲ್ಯದಲ್ಲಿ ಮೆಚ್ಚಿ ಓದಿದ ಅದ್ಭುತ ಕಾದಂಬರಿಗೆ ಪ್ರೌಢ ವಯಸ್ಸಿನಲ್ಲಿ ಮರಳುವುದನ್ನು ಹಳೆಯ ದಿನಗಳ ಹಂಬಲವೆಂದೋ ವಿರಾಮಕಾಲದ ವಿನೋದವೆಂದೋ ಬದಿಗಿರಿಸುವುದು ವಾಡಿಕೆ. ಆದರೆ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಮರುಭೇಟಿಗೆ ಒಂದು ಸ್ಪಷ್ಟ ಚರಿತ್ರೆಯೇ ಇದೆ. ಮಕ್ಕಳಿಗಾಗಿ ಬರೆದ, ಅಥವಾ ಮಕ್ಕಳು ತಮ್ಮದಾಗಿಸಿಕೊಂಡ ಹಲವು ಕಾದಂಬರಿಗಳು ಬಿಬಿಸಿಯ ಬಾನುಲಿ ನಾಟಕಗಳಾಗಿ ಮತ್ತೆ ಮತ್ತೆ ರೂಪ ತಳೆದವು. ಒಂದು ತಲೆಮಾರು ಮಕ್ಕಳಾಗಿ ಓದಿದ್ದನ್ನು ದೊಡ್ಡವರಾದ ಮೇಲೆ ಹೇಗೆ ಅರ್ಥೈಸಿಕೊಂಡಿತು ಎಂಬುದಕ್ಕೆ ಈ ನಾಟಕಗಳು ದಾಖಲೆಯಾಗಿವೆ. ಈ ದಾಖಲೆಯ ಒಂದು ಭಾಗ ನಷ್ಟವಾಗಿದೆ. ಇನ್ನೊಂದು ಭಾಗ ಉಳಿದುಕೊಂಡದ್ದು ಕೇಳುಗರ ಆಸ್ಥೆಯಿಂದ.

ಅದ್ಭುತ ಕಥೆಗಳು ಮಕ್ಕಳ ಸ್ವತ್ತು ಎಂಬ ಭಾವನೆಯನ್ನು ಆ ಪ್ರಕಾರದ ಪ್ರಮುಖ ಲೇಖಕರೇ ಪ್ರಶ್ನಿಸಿದ್ದರು. ಜೆ.ಆರ್.ಆರ್. ಟೋಲ್ಕಿನ್ ಅವರು 1939ರ ಮಾರ್ಚ್ 8ರಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಯಕ್ಷಕಥೆಗಳನ್ನು ಕುರಿತು ನೀಡಿದ ಉಪನ್ಯಾಸದಲ್ಲಿ, ಈ ಕಥೆಗಳಿಗೂ ಮಕ್ಕಳಿಗೂ ಇರುವ ನಂಟು ಕೇವಲ ಆಕಸ್ಮಿಕವೆಂದು ವಾದಿಸಿದರು. ಬಳಕೆ ತಪ್ಪಿದ ಹಳೆಯ ಪೀಠೋಪಕರಣಗಳನ್ನು ದೊಡ್ಡವರು ಮಕ್ಕಳ ಕೋಣೆಗೆ ಸಾಗಿಸುವಂತೆ, ತಮಗೆ ಬೇಡವಾದ ಕಥೆಗಳನ್ನೂ ಅಲ್ಲಿಗೆ ಸಾಗಿಸಿದರು ಎಂಬುದು ಅವರ ವಿವರಣೆ. ಅವರ ಗೆಳೆಯ ಸಿ.ಎಸ್. ಲೂಯಿಸ್ 1950ರಲ್ಲಿ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಕೃತಿಯನ್ನು ತಮ್ಮ ಧರ್ಮಪುತ್ರಿ ಲೂಸಿ ಬಾರ್‌ಫೀಲ್ಡ್‌ಗೆ ಅರ್ಪಿಸುವಾಗ ಇದೇ ವಿಚಾರವನ್ನು ಆಪ್ತವಾಗಿ ನಿರೂಪಿಸಿದರು. ಪುಸ್ತಕ ಸಿದ್ಧವಾಗುವಷ್ಟರಲ್ಲಿ ಹುಡುಗಿ ಅದನ್ನು ಓದುವ ವಯಸ್ಸನ್ನು ದಾಟಿದ್ದಾಳೆ. ಆದರೆ ಇಂಥ ಕಥೆಗಳಿಗೆ ಮರಳುವಷ್ಟು ದೊಡ್ಡವಳಾಗುವ ದಿನವೂ ಬರುತ್ತದೆ ಎಂಬುದು ಆ ಅರ್ಪಣೆಯ ಆಶಯ. ಮರಳಿ ಬರುವ ಓದುಗನನ್ನು ಲೇಖಕರು ಮೊದಲೇ ನಿರೀಕ್ಷಿಸಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈ ಮರಳುವಿಕೆಗೆ ಬಾನುಲಿಯು ವಿಶಿಷ್ಟ ಮಾರ್ಗವನ್ನು ಒದಗಿಸಿತು. ಭಾರತೀಯ ಕಾವ್ಯಮೀಮಾಂಸೆಯು ಕಾವ್ಯವನ್ನು ಶ್ರವ್ಯ ಮತ್ತು ದೃಶ್ಯ ಎಂದು ವಿಭಜಿಸುತ್ತದೆ. ಬಾನುಲಿ ನಾಟಕ ಈ ಎರಡರ ನಡುವೆ ನಿಲ್ಲುತ್ತದೆ: ಪಾತ್ರಗಳು ಮಾತನಾಡುತ್ತವೆ, ಆದರೆ ಕಾಣುವುದಿಲ್ಲ. ಚಲನಚಿತ್ರ ಒಂದು ಪಾತ್ರಕ್ಕೆ ಒಂದು ಮುಖವನ್ನು ಖಾಯಂ ಮಾಡಿಬಿಡುತ್ತದೆ. ಬಾನುಲಿಯಾದರೋ ಬಾಲ್ಯದ ಓದಿನಲ್ಲಿ ಮನಸ್ಸು ಕಟ್ಟಿಕೊಂಡ ಚಿತ್ರವನ್ನು ಅಳಿಸದೆ ಅದರ ಮೇಲೆ ಧ್ವನಿಯನ್ನಷ್ಟೇ ಹೊದಿಸುತ್ತದೆ. ವಯಸ್ಕ ಕೇಳುಗನಿಗೆ ತನ್ನ ಹಳೆಯ ಚಿತ್ರವೂ ಹೊಸ ವ್ಯಾಖ್ಯಾನವೂ ಒಟ್ಟಿಗೇ ದೊರೆಯುವುದು ಈ ಕಾರಣದಿಂದ.

ಬಿಬಿಸಿಯ 'ಚಿಲ್ಡ್ರನ್ಸ್ ಅವರ್' ಕಾರ್ಯಕ್ರಮ 1922ರಲ್ಲಿ ಆರಂಭವಾಗಿ 1964ರವರೆಗೆ ನಡೆಯಿತು. ಆಸ್ಥಾನ ಕವಿಯಾಗಿದ್ದ ಜಾನ್ ಮೇಸ್‌ಫೀಲ್ಡ್ 1935ರಲ್ಲಿ ಪ್ರಕಟಿಸಿದ 'ದಿ ಬಾಕ್ಸ್ ಆಫ್ ಡಿಲೈಟ್ಸ್' ಕಾದಂಬರಿ ಯುದ್ಧಕಾಲದ 1943ರಲ್ಲಿ ಈ ಕಾರ್ಯಕ್ರಮದಲ್ಲಿ ನಾಟಕವಾಗಿ ಪ್ರಸಾರವಾಯಿತು. ಕ್ರಿಸ್ಮಸ್ ರಜೆಗೆ ಮನೆಗೆ ಹೊರಟ ಕೇ ಹಾರ್ಕರ್ ಎಂಬ ಬಾಲಕನಿಗೆ ಗೊಂಬೆಯಾಟದ ಮುದುಕನಿಂದ ಮಾಯಾಪೆಟ್ಟಿಗೆಯೊಂದು ದೊರೆಯುವುದು ಅದರ ವಸ್ತು. ಪ್ರಸಾರಕ್ಕೆ ವಿಕ್ಟರ್ ಹೀಲಿ-ಹಚಿನ್‌ಸನ್ 1927ರಲ್ಲಿ ರಚಿಸಿದ್ದ 'ಕ್ಯಾರಲ್ ಸಿಂಫನಿ'ಯ ಭಾಗವನ್ನು ಬಳಸಲಾಗಿತ್ತು. ನಾಲ್ಕು ದಶಕಗಳ ಬಳಿಕ, 1984ರಲ್ಲಿ, ಬಿಬಿಸಿ ಇದೇ ಕಾದಂಬರಿಯನ್ನು ದೂರದರ್ಶನ ಧಾರಾವಾಹಿಯಾಗಿ ನಿರ್ಮಿಸಿದಾಗಲೂ ಅದೇ ಸಂಗೀತವನ್ನು ಉಳಿಸಿಕೊಳ್ಳಲಾಯಿತು. ದೃಶ್ಯವೆಲ್ಲ ಹೊಸದಾದರೂ ನಾದ ಹಳೆಯದೇ. 1943ರಲ್ಲಿ ಹತ್ತು ವರ್ಷದವರಾಗಿದ್ದ ಕೇಳುಗರು 1984ರಲ್ಲಿ ಐವತ್ತರ ಆಚೆಗಿದ್ದರು. ಮೊಮ್ಮಕ್ಕಳೊಡನೆ ಕುಳಿತು ನೋಡುವ ವಯಸ್ಸದು. ಎರಡು ಕಾಲಗಳ ಮಕ್ಕಳನ್ನು ಬೆಸೆದದ್ದು ಆ ಸಂಗೀತ.

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಬಾನುಲಿ ಚರಿತ್ರೆ ಇಷ್ಟು ಸರಳವಾಗಿಲ್ಲ. 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಈ ಕೃತಿಯನ್ನು ಕವಿ ಟೆರೆನ್ಸ್ ಟಿಲ್ಲರ್ ಬಿಬಿಸಿಯ ಥರ್ಡ್ ಪ್ರೋಗ್ರಾಂಗಾಗಿ ರೂಪಾಂತರಿಸಿದರು. 1955ರ ಕೊನೆಯಲ್ಲಿ ಮೊದಲ ಸಂಪುಟ ಆರು ಕಂತುಗಳಲ್ಲಿಯೂ, 1956ರ ಕೊನೆಯಲ್ಲಿ ಉಳಿದೆರಡು ಸಂಪುಟಗಳು ಒಟ್ಟು ಆರೇ ಕಂತುಗಳಲ್ಲಿಯೂ ಪ್ರಸಾರವಾದವು. ತಮ್ಮ ಕೃತಿ ನಾಟಕೀಕರಣಕ್ಕೆ ಒಗ್ಗುವಂಥದಲ್ಲವೆಂಬ ಅಭಿಪ್ರಾಯವನ್ನು ಟೋಲ್ಕಿನ್ ತಮ್ಮ ಪತ್ರಗಳಲ್ಲಿ ವ್ಯಕ್ತಪಡಿಸಿದ್ದಾರೆ. ಅವರ ಅತೃಪ್ತಿ ಎಷ್ಟು ಸಮರ್ಥನೀಯವಾಗಿತ್ತು ಎಂಬುದನ್ನು ಕೇಳಿ ನಿರ್ಣಯಿಸುವ ಅವಕಾಶ ಇಂದು ಯಾರಿಗೂ ಇಲ್ಲ. ಆ ಪ್ರಸಾರದ ಯಾವ ಧ್ವನಿಮುದ್ರಣವೂ ಉಳಿದಿರುವುದು ತಿಳಿದುಬಂದಿಲ್ಲ. ಕಳೆದುಹೋದವೆಂದು ಭಾವಿಸಲಾಗಿದ್ದ ಅದರ ಲಿಪಿಗಳು ಬಿಬಿಸಿಯ ಲಿಖಿತ ದಾಖಲೆಗಳ ಸಂಗ್ರಹದಲ್ಲಿ ಪತ್ತೆಯಾದ ಸಂಗತಿ 2022ರಲ್ಲಿ ಬೆಳಕಿಗೆ ಬಂತು. ಆಕ್ಸ್‌ಫರ್ಡಿನ ವಿದ್ವಾಂಸ ಸ್ಟುವರ್ಟ್ ಲೀ ಅವರ ಶೋಧದ ಫಲವಿದು. ಟೋಲ್ಕಿನ್ ಅವರ ಕೈಬರಹದ ತಿದ್ದುಪಡಿಗಳೂ ಅಲ್ಲಿವೆ. ಮಾತು ದೊರಕಿತು, ಧ್ವನಿ ದೊರಕಲಿಲ್ಲ. 1955ರ ಚಳಿಗಾಲದಲ್ಲಿ ಬಾನುಲಿಯ ಮುಂದೆ ಕುಳಿತಿದ್ದ ಮಗುವಿಗೆ, ತಾನು ಕೇಳಿದ್ದನ್ನು ದೊಡ್ಡವನಾದ ಮೇಲೆ ಮತ್ತೊಮ್ಮೆ ಕೇಳುವ ದಾರಿ ಮುಚ್ಚಿಹೋಯಿತು.

1937ರಲ್ಲಿ ಪ್ರಕಟವಾದ 'ದಿ ಹಾಬಿಟ್' ಕಾದಂಬರಿಯ ಸಂದರ್ಭದಲ್ಲಿ ಮರುಭೇಟಿಯ ಸಮಸ್ಯೆಯನ್ನು ಸ್ವತಃ ಲೇಖಕರೇ ಎದುರಿಸಿದರು. ನಿರೂಪಕನು ನಡುನಡುವೆ ಮಕ್ಕಳನ್ನು ಉದ್ದೇಶಿಸಿ ಮಾತನಾಡುವ ರೀತಿ ಟೋಲ್ಕಿನ್ ಅವರಿಗೆ ಮುಂದೆ ಹಿಡಿಸದಾಯಿತು. 1960ರಲ್ಲಿ ಅವರು ಇಡೀ ಕೃತಿಯನ್ನು ಪ್ರೌಢ ಶೈಲಿಯಲ್ಲಿ ತಿರುಗಿ ಬರೆಯಲು ತೊಡಗಿ, ಕೆಲವೇ ಅಧ್ಯಾಯಗಳ ನಂತರ ಕೈಬಿಟ್ಟರು. ಆ ಅಪೂರ್ಣ ಪರಿಷ್ಕರಣ 2007ರಲ್ಲಿ ಜಾನ್ ರೇಟ್‌ಲಿಫ್ ಅವರ ಸಂಪಾದನೆಯಲ್ಲಿ ಪ್ರಕಟವಾಯಿತು. ಅದನ್ನು ಮೂಲದೊಡನೆ ಹೋಲಿಸಿದಾಗ, ದೊಡ್ಡವರ ಗಾಂಭೀರ್ಯವನ್ನು ಮೇಲಿಂದ ತುಂಬಿದರೆ ಮಕ್ಕಳ ಕಥೆಯ ಲವಲವಿಕೆ ಮಾಯವಾಗುತ್ತದೆಂಬುದು ವಿದಿತವಾಗುತ್ತದೆ. ಲೇಖಕರಿಗೆ ಬಗೆಹರಿಯದ ಈ ತೊಡಕಿಗೆ ಬಾನುಲಿ ತನ್ನದೇ ಆದ ಉಪಾಯವನ್ನು ಕಂಡುಕೊಂಡಿತು. ಮೈಕೆಲ್ ಕಿಲ್‌ಗ್ಯಾರಿಫ್ ರೂಪಾಂತರಿಸಿದ, 1968ರಲ್ಲಿ ಎಂಟು ಕಂತುಗಳಾಗಿ ಪ್ರಸಾರವಾದ ನಾಟಕದಲ್ಲಿ ನಿರೂಪಕ ಕಥೆ ಹೇಳುತ್ತಿರುವಾಗಲೇ ಕಥಾನಾಯಕ ಬಿಲ್ಬೋ ನಡುವೆ ಬಾಯಿಹಾಕಿ ತಿದ್ದುತ್ತಾನೆ, ತನ್ನ ಮಾತು ಸೇರಿಸುತ್ತಾನೆ. ಹಾಗಾಗಿ ನಿರೂಪಕನ ಹಿರಿತನ ಪ್ರಶ್ನಾತೀತವಾಗಿ ಉಳಿಯುವುದಿಲ್ಲ. ಮಗು ಇದನ್ನು ತಮಾಷೆಯೆಂದು ಕೇಳುತ್ತದೆ. ಹಿರಿಯ ಕೇಳುಗ ಇದರಲ್ಲಿ ಅನುಭವಿಸಿದವನಿಗೂ ಹೇಳುವವನಿಗೂ ಇರುವ ಅಂತರವನ್ನು ಗುರುತಿಸುತ್ತಾನೆ.

ಈ ನಾಟಕ ಉಳಿದ ಬಗೆಯೂ ಉಲ್ಲೇಖನೀಯ. ಧ್ವನಿಸುರುಳಿಗಳನ್ನು ಅಳಿಸಿ ಮತ್ತೆ ಬಳಸುವುದು ಅಂದಿನ ಪ್ರಸಾರ ಸಂಸ್ಥೆಗಳ ಸಾಮಾನ್ಯ ಪದ್ಧತಿಯಾಗಿತ್ತು. 'ದಿ ಹಾಬಿಟ್' ನಾಟಕವು ಮುಂದೆ ಕ್ಯಾಸೆಟ್ ರೂಪದಲ್ಲಿ ಹೊರಬರಲು ಆಧಾರವಾದದ್ದು ಮನೆಯಲ್ಲಿ ರೇಡಿಯೊದಿಂದ ಮುದ್ರಿಸಿಕೊಂಡಿದ್ದ ಪ್ರತಿ. ಸಂಸ್ಥೆಗೆ ಅದು ಪ್ರಸಾರ ಮುಗಿದ ಕಾರ್ಯಕ್ರಮ. ಕೇಳುಗನಿಗೆ ಮತ್ತೆ ಕೇಳಬೇಕಾದ ಕಥೆ. ಈ ಎರಡು ದೃಷ್ಟಿಗಳ ವ್ಯತ್ಯಾಸವೇ ಒಂದು ಕೃತಿಯ ಅಳಿವು ಉಳಿವನ್ನು ನಿರ್ಧರಿಸಿತು.

ರೂಪಾಂತರ ಕಲೆಯ ಪ್ರಬುದ್ಧ ಹಂತವನ್ನು 1981ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪ್ರಸಾರದಲ್ಲಿ ಕಾಣಬಹುದು. ಬ್ರಯನ್ ಸಿಬ್ಲಿ ಮತ್ತು ಮೈಕೆಲ್ ಬೇಕ್‌ವೆಲ್ ಸಿದ್ಧಪಡಿಸಿದ ಇದು ಅರ್ಧ ಗಂಟೆಯ 26 ಕಂತುಗಳಲ್ಲಿ ಮಾರ್ಚ್ 8ರಿಂದ ಆಗಸ್ಟ್ 30ರವರೆಗೆ ಬಿತ್ತರಗೊಂಡಿತು. 1949ರಲ್ಲಿ ಜನಿಸಿದ ಸಿಬ್ಲಿ, ಮೂಲ ಕಾದಂಬರಿ ಹೊರಬಂದಾಗ ಇನ್ನೂ ಸಣ್ಣ ಬಾಲಕ. ಒಟ್ಟು ಹದಿಮೂರು ಗಂಟೆಗಳ ಈ ನಾಟಕದಲ್ಲಿ ಟಾಮ್ ಬೊಂಬಾಡಿಲ್‌ನ ಪ್ರಸಂಗವನ್ನು ಕೈಬಿಡಲಾಯಿತು. ಆದರೆ ಯುದ್ಧ ಗೆದ್ದು ಮರಳಿದ ನಾಯಕರು ತಮ್ಮ ಊರೇ ಹಾಳಾಗಿರುವುದನ್ನು ಕಾಣುವ ಪ್ರಸಂಗವನ್ನು ಉಳಿಸಿಕೊಳ್ಳಲಾಯಿತು. 2003ರಲ್ಲಿ ತೆರೆಕಂಡ ಪೀಟರ್ ಜಾಕ್ಸನ್ ಅವರ ಚಲನಚಿತ್ರ ಈ ಭಾಗವನ್ನು ಬಿಟ್ಟಿತೆಂಬುದನ್ನು ನೆನೆದರೆ ಬಾನುಲಿಯ ಆಯ್ಕೆಯ ಮಹತ್ವ ತಿಳಿಯುತ್ತದೆ. ಉಂಗುರ ನಾಶವಾದೊಡನೆ ಕಥೆ ಮುಗಿಯಿತೆಂದು ಭಾವಿಸುವ ಎಳೆಯ ಓದುಗನಿಗೆ ಈ ಅಧ್ಯಾಯಗಳು ಅನಗತ್ಯ ಮುಂದುವರಿಕೆಯಂತೆ ತೋರುವುದುಂಟು. ವಾಸಿಯಾಗದ ಗಾಯವನ್ನು ಹೊತ್ತ ಫ್ರೋಡೋ ತಾನು ಉಳಿಸಿದ ಊರಿನಲ್ಲಿ ತಾನೇ ಬಾಳಲಾರದೆ ಹಡಗು ಹತ್ತುವುದರ ಅರ್ಥ, ಬದುಕಿನಲ್ಲಿ ಏನನ್ನಾದರೂ ಕಳೆದುಕೊಂಡವರಿಗೆ ಹೆಚ್ಚು ಸ್ಪಷ್ಟವಾಗುತ್ತದೆ.

1981ರಲ್ಲಿ ಫ್ರೋಡೋನ ಪಾತ್ರಕ್ಕೆ ಧ್ವನಿ ನೀಡಿದವರು ಇಯಾನ್ ಹೋಮ್. ಎರಡು ದಶಕಗಳ ಬಳಿಕ, 2001ರಲ್ಲಿ, ಜಾಕ್ಸನ್ ಅವರ ಮೊದಲ ಚಿತ್ರದಲ್ಲಿ ಅವರೇ ವೃದ್ಧ ಬಿಲ್ಬೋ ಆಗಿ ಕಾಣಿಸಿಕೊಂಡರು. 2002ರಲ್ಲಿ ಬಾನುಲಿ ನಾಟಕ ಮರುಬಿಡುಗಡೆಯಾದಾಗ ಸಿಬ್ಲಿ ಹೊಸ ನಿರೂಪಣಾ ಭಾಗಗಳನ್ನು ಬರೆದರು. ಅವನ್ನು ಹೋಮ್ ಫ್ರೋಡೋ ಆಗಿಯೇ ವಾಚಿಸಿದರು. ಹೀಗಾಗಿ ಆ ಆವೃತ್ತಿಯಲ್ಲಿ ಒಂದೇ ಪಾತ್ರದ ಎರಡು ವಯಸ್ಸಿನ ಧ್ವನಿಗಳು ಅಕ್ಕಪಕ್ಕದಲ್ಲಿ ನಿಂತಿವೆ. ಕೇಳುಗರು ಬೆಳೆದಂತೆ ಧ್ವನಿಯೂ ಮಾಗಿರುವುದು ಅಲ್ಲಿ ಕಿವಿಗೇ ಗೋಚರಿಸುತ್ತದೆ.

ಮರುಭೇಟಿಯ ಪ್ರಶ್ನೆ ರೂಪಾಂತರಗಳಿಗೆ ಮಾತ್ರ ಸೀಮಿತವಲ್ಲ. ಮೂಲ ಕಾದಂಬರಿಗಳ ಒಡಲಲ್ಲೇ ಅದು ಅಡಗಿದೆ. ಮೇಸ್‌ಫೀಲ್ಡ್ ತಮ್ಮ ಕಾದಂಬರಿಯ ಕೊನೆಯಲ್ಲಿ ನಡೆದದ್ದೆಲ್ಲವನ್ನೂ ಕನಸೆಂದು ಸಾರುತ್ತಾರೆ. ಲೂಯಿಸ್ ಅವರ 'ದಿ ಲಾಸ್ಟ್ ಬ್ಯಾಟಲ್' (1956) ಕೃತಿಯಲ್ಲಿ ಬೆಳೆದ ಸೂಸನ್ ನಾರ್ನಿಯವನ್ನು ಬಾಲ್ಯದ ಆಟವೆಂದು ತಳ್ಳಿಹಾಕುತ್ತಾಳೆ, ಅದರಿಂದ ಹೊರಗುಳಿಯುತ್ತಾಳೆ. ಬೆಳೆಯುವುದನ್ನೇ ಅಪರಾಧವೆಂಬಂತೆ ಚಿತ್ರಿಸಲಾಗಿದೆಯೆಂದು ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಇದನ್ನು ಕಟುವಾಗಿ ಆಕ್ಷೇಪಿಸಿದರು. ನೀಲ್ ಗೈಮನ್ 2004ರಲ್ಲಿ ಸೂಸನ್‌ಳ ಸಮಸ್ಯೆಯನ್ನೇ ವಸ್ತುವಾಗಿಸಿ ಕಥೆ ಬರೆದರು. ಸೂಸನ್ ಕೂಪರ್ ಅವರ ಐದು ಕಾದಂಬರಿಗಳ ಮಾಲೆಯ ಕೊನೆಯ ಕೃತಿ 'ಸಿಲ್ವರ್ ಆನ್ ದಿ ಟ್ರೀ' (1977) ಮುಗಿಯುವಾಗ, ಕತ್ತಲೆಯ ವಿರುದ್ಧ ಹೋರಾಡಿದ ಮಕ್ಕಳ ಸ್ಮೃತಿಯನ್ನು ಅಳಿಸಲಾಗುತ್ತದೆ. ಅಮರ ಕುಲಕ್ಕೆ ಸೇರಿದ ವಿಲ್ ಸ್ಟಾಂಟನ್‌ಗೆ ಮಾತ್ರ ನೆನಪು ಉಳಿಯುತ್ತದೆ. ಅಲನ್ ಗಾರ್ನರ್ 1960ರಲ್ಲಿ ಚೆಷೈರ್‌ನ ಆಲ್ಡರ್ಲಿ ಎಡ್ಜ್ ಪ್ರದೇಶವನ್ನು ಹಿನ್ನೆಲೆಯಾಗಿಸಿ 'ದಿ ವಿಯರ್ಡ್‌ಸ್ಟೋನ್ ಆಫ್ ಬ್ರಿಸಿಂಗಾಮೆನ್', 1963ರಲ್ಲಿ ಅದರ ಮುಂದಿನ ಭಾಗವನ್ನು ಬರೆದು, ಸುಮಾರು ಅರ್ಧ ಶತಮಾನದ ನಂತರ 2012ರಲ್ಲಿ 'ಬೋನ್‌ಲ್ಯಾಂಡ್' ಮೂಲಕ ಅದೇ ಕಥೆಗೆ ಹಿಂದಿರುಗಿದರು. ಅಲ್ಲಿ ಹಿಂದಿನ ಬಾಲಕ ಕಾಲಿನ್ ಖಗೋಳ ವಿಜ್ಞಾನಿಯಾಗಿದ್ದಾನೆ; ಹದಿಮೂರು ವರ್ಷಕ್ಕೆ ಮುಂಚಿನ ಏನೂ ಅವನಿಗೆ ನೆನಪಿಲ್ಲ; ಕಳೆದುಹೋದ ಸೋದರಿಯನ್ನು ನಕ್ಷತ್ರಗಳಲ್ಲಿ ಹುಡುಕುತ್ತಾನೆ. ಒಬ್ಬನಿಗೆ ಕನಸು, ಒಬ್ಬಳಿಗೆ ನಿರಾಕರಣೆ, ಕೆಲವರಿಗೆ ಹೇರಲ್ಪಟ್ಟ ಮರೆವು, ಮತ್ತೊಬ್ಬನಿಗೆ ಮರೆವಿನ ನೋವು. ಈ ಕೃತಿಗಳೆಲ್ಲ ಮಕ್ಕಳಿಗೆ ಸಾಹಸವನ್ನು ಹೇಳುತ್ತಲೇ, ಆ ಸಾಹಸ ಕಂಡವರು ಬೆಳೆದ ಮೇಲೆ ಅದನ್ನು ಏನು ಮಾಡಬೇಕು ಎಂದು ಕೇಳುತ್ತವೆ. ಮರಳಿ ಓದುವವನು ಆ ಪ್ರಶ್ನೆಗೆ ತನ್ನ ಉತ್ತರವನ್ನು ಕೊಡುತ್ತಾನೆ: ಅವನು ಮರೆತಿಲ್ಲ.

ಈ ಉತ್ತರದ ಇತ್ತೀಚಿನ ನಿದರ್ಶನ ಕೂಪರ್ ಅವರ ಮಾಲೆಯ ಎರಡನೆಯ ಕಾದಂಬರಿ 'ದಿ ಡಾರ್ಕ್ ಈಸ್ ರೈಸಿಂಗ್' (1973) ಕೃತಿಯ ರೂಪಾಂತರ. ಚಳಿಗಾಲದ ಅತಿ ದೀರ್ಘ ರಾತ್ರಿಯ ಹಿಂದಿನ ಸಂಜೆ, ವಿಲ್‌ನ ಹನ್ನೊಂದನೆಯ ಹುಟ್ಟುಹಬ್ಬದ ಮುನ್ನಾದಿನ, ಅದರ ಕಥೆ ಮೊದಲಾಗುತ್ತದೆ. ಇದನ್ನು ಬಾಲ್ಯದಲ್ಲಿ ಓದಿದ್ದ ಲೇಖಕ ರಾಬರ್ಟ್ ಮ್ಯಾಕ್‌ಫರ್ಲೇನ್ 2017ರ ಡಿಸೆಂಬರ್‌ನಲ್ಲಿ, ಕಥೆಯ ದಿನಗಳಿಗೇ ಹೊಂದಿಕೊಂಡು ಸಾಗುವ ಸಾಮೂಹಿಕ ಮರುಓದನ್ನು ಗೆಳತಿಯೊಬ್ಬರೊಡನೆ ಏರ್ಪಡಿಸಿದರು. ಅನಂತರ ಅವರೂ ರಂಗಕರ್ಮಿ ಸೈಮನ್ ಮ್ಯಾಕ್‌ಬರ್ನಿಯೂ ಸೇರಿ ಬಿಬಿಸಿ ವರ್ಲ್ಡ್ ಸರ್ವಿಸ್‌ಗಾಗಿ ಹನ್ನೆರಡು ಕಂತುಗಳ ಶ್ರವ್ಯರೂಪವನ್ನು ಸಿದ್ಧಪಡಿಸಿದರು. ಮೊದಲ ಕಂತು ಬಿತ್ತರವಾದದ್ದು 2022ರ ಡಿಸೆಂಬರ್ 20ರಂದು, ಅಂದರೆ ಕಾದಂಬರಿ ಆರಂಭವಾಗುವ ತಿಥಿಯಂದೇ. ಎರಡೂ ಕಿವಿಗಳಿಗೆ ದಿಕ್ಕಿನ ಅರಿವು ಮೂಡಿಸುವ ವಿಧಾನದಲ್ಲಿ ಧ್ವನಿಮುದ್ರಣ ನಡೆಯಿತು. ಮಗುವಾಗಿ ಓದಿದವನು ನಡುವಯಸ್ಸಿನಲ್ಲಿ ಅದನ್ನು ಹೊಸ ಮಕ್ಕಳ ಕಿವಿಗೆ ತಲುಪಿಸಿದಾಗ ಒಂದು ಆವರ್ತನ ಪೂರ್ಣಗೊಂಡಿತೆನ್ನಬಹುದು.

ಒಟ್ಟಾರೆಯಾಗಿ ಈ ಎಂಟು ದಶಕಗಳ ಚರಿತ್ರೆ ಎರಡು ಸಂಗತಿಗಳನ್ನು ಮನಗಾಣಿಸುತ್ತದೆ. ಮೊದಲನೆಯದು, ಪ್ರೌಢ ಓದುಗನಿಗೆ ಈ ಮರುಭೇಟಿಯಲ್ಲಿ ಬಾಲ್ಯ ಮರಳಿ ಸಿಗುವುದಿಲ್ಲ. ಬಾಲ್ಯದಲ್ಲಿ ಕಿವಿಗೆ ಬಿದ್ದೂ ಮನಸ್ಸಿಗೆ ತಟ್ಟದೆ ಉಳಿದ ಕೃತಿಯ ಭಾಗ ದೊರೆಯುತ್ತದೆ. ಎರಡನೆಯದು, ಮರಳುವುದು ಸಾಧ್ಯವಾಗಬೇಕಾದರೆ ಮರಳಲು ಏನಾದರೂ ಉಳಿದಿರಬೇಕು. ಅಚ್ಚಾದ ಪುಸ್ತಕ ಸಾವಿರಾರು ಪ್ರತಿಗಳಲ್ಲಿ ಚದುರಿ ಉಳಿಯುತ್ತದೆ; ಧ್ವನಿಗಾದರೋ ಒಂದೇ ಸುರುಳಿ, ಅದು ಅಳಿಸಿದರೆ ಎಲ್ಲವೂ ಅಳಿದಂತೆ. 1955ರ ಪ್ರಸಾರ ಮೌನವಾಗಿದೆ, 1968ರ ಪ್ರಸಾರ ಇನ್ನೂ ಕೇಳಿಸುತ್ತಿದೆ. ಎರಡರ ನಡುವಿನ ವ್ಯತ್ಯಾಸ ಮನೆಯಲ್ಲಿ ಮುದ್ರಿಸಿಕೊಂಡು ಜೋಪಾನ ಮಾಡಿದ ಒಂದು ಪ್ರತಿ. ಮಕ್ಕಳಿಗಾಗಿ ಮಾಡಿದ ಶ್ರವ್ಯಕೃತಿಗಳನ್ನು ಅಲ್ಪಕಾಲದ ಮನರಂಜನೆಯೆಂದು ಎಣಿಸುವ ಯಾವುದೇ ಭಾಷೆಯ ಪ್ರಸಾರ ಸಂಸ್ಥೆಗೂ ಈ ವ್ಯತ್ಯಾಸದಲ್ಲಿ ಪಾಠವಿದೆ.