ದೇಹದೊಳಗಿನ ‘ಹಾಲಿನ ಹೊಳೆ’

ಹೃದಯ, ರಕ್ತ, ರಕ್ತನಾಳಗಳ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಆದರೆ ದೇಹದಲ್ಲಿ ಸದ್ದಿಲ್ಲದೆ ಹರಿಯುವ ಇನ್ನೊಂದು ದ್ರವವಿದೆ. ಅದೇ ದುಗ್ಧರಸ. ‘ದುಗ್ಧ’ ಎಂದರೆ ಹಾಲು. ಹೆಚ್ಚಿನ ಕಡೆ ತಿಳಿನೀರಿನಂತಿರುವ ಈ ದ್ರವಕ್ಕೂ ಹಾಲಿಗೂ ಎಲ್ಲಿಯ ನಂಟು? ಉತ್ತರಕ್ಕೆ 17ನೇ ಶತಮಾನದ ಇಟಲಿಗೆ ಹೋಗಬೇಕು.

1622ರ ಜುಲೈ 23ರಂದು ಅಂಗರಚನಾ ತಜ್ಞ ಗಾಸ್ಪರೆ ಅಸೆಲ್ಲಿ, ಆಗಷ್ಟೇ ಹೊಟ್ಟೆತುಂಬ ತಿಂದಿದ್ದ ಜೀವಂತ ನಾಯಿಯೊಂದರ ಉದರವನ್ನು ಸೀಳಿದ. ಕರುಳಿಗೆ ಅಂಟಿದ ಪೊರೆಯ ಮೇಲೆ ಬಿಳಿ ದಾರದಂಥ ಎಳೆಗಳು ಹರಡಿದ್ದವು. ನರಗಳಿರಬೇಕು ಎಂದುಕೊಂಡ. ಒಂದನ್ನು ಕತ್ತರಿಸಿದಾಗ ಹಾಲಿನಂಥ ದ್ರವ ಒಸರಿತು! ಮತ್ತೊಂದು ನಾಯಿಯಲ್ಲಿ ಹುಡುಕಿದರೆ ಎಳೆಗಳೇ ಇಲ್ಲ. ಕಾರಣ, ಅದು ಹಸಿದಿತ್ತು. ಆಹಾರದ ಕೊಬ್ಬು ಕರುಳಿನಿಂದ ಈ ನಾಳಗಳಿಗೆ ಸೇರಿದಾಗ ಮಾತ್ರ ಅವು ಬೆಳ್ಳಗೆ ಕಾಣುತ್ತವೆ. ಅಸೆಲ್ಲಿ ಅವುಗಳನ್ನು ‘ಹಾಲಿನ ನಾಳಗಳು’ ಎಂದೇ ಕರೆದ. ಬಣ್ಣದ ಚಿತ್ರಗಳಿದ್ದ ಅವನ ಪುಸ್ತಕ ಹೊರಬಂದದ್ದು 1627ರಲ್ಲಿ. ಅದನ್ನು ನೋಡಲು ಅವನೇ ಬದುಕಿರಲಿಲ್ಲ.

ಆಹಾರದ ಸಾರ ಯಕೃತ್ತಿಗೆ ಹೋಗಿ ಅಲ್ಲಿ ರಕ್ತವಾಗುತ್ತದೆ ಎಂಬ ಗ್ರೀಕ್ ವೈದ್ಯ ಗ್ಯಾಲನ್‌ನ ಮಾತು ಆಗ ವೇದವಾಕ್ಯ. ಅಸೆಲ್ಲಿಯೂ ತನ್ನ ನಾಳಗಳು ಯಕೃತ್ತನ್ನೇ ಸೇರುತ್ತವೆಂದು ನಂಬಿದ್ದ. 1651ರಲ್ಲಿ ಫ್ರಾನ್ಸಿನ ಝಾನ್ ಪೆಕೆ ಆ ನಂಬಿಕೆಯನ್ನು ಕೆಡವಿದ. ಈ ರಸ ಯಕೃತ್ತಿನತ್ತ ಸುಳಿಯುವುದೇ ಇಲ್ಲ, ಎದೆಯೊಳಗಿನ ದೊಡ್ಡ ನಾಳವೊಂದರ ಮೂಲಕ ಮೇಲೇರಿ ಕತ್ತಿನ ಬುಡದ ರಕ್ತನಾಳಕ್ಕೆ ಸೇರುತ್ತದೆ ಎಂದು ತೋರಿಸಿದ. ಎರಡೇ ವರ್ಷಗಳಲ್ಲಿ ಸ್ವೀಡನ್ನಿನ ಓಲೋಫ್ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಇಂಥ ನಾಳಗಳು ಕರುಳಿನ ಆಚೆಗೂ ಹರಡಿರುವುದನ್ನು ಕಂಡರು. ಮೊದಲು ಕಂಡವರು ಯಾರು ಎಂಬ ಜಗಳವೂ ನಡೆಯಿತು. ರಕ್ತ ತಯಾರಿಸುವ ಪಟ್ಟ ಕಳೆದುಕೊಂಡ ಯಕೃತ್ತಿಗೆ ಬಾರ್ತೊಲಿನ್ ತಮಾಷೆಯ ಸಮಾಧಿಲೇಖವನ್ನೂ ಬರೆದ.

ಈ ನಾಳಗಳ ಕೆಲಸವೇನು? ಸೂಕ್ಷ್ಮ ರಕ್ತನಾಳಗಳಿಂದ ಜಿನುಗಿ ಅಂಗಾಂಶಗಳಲ್ಲಿ ಉಳಿಯುವ ದ್ರವವನ್ನು ರಕ್ತಕ್ಕೆ ಮರಳಿಸುವುದು. ಈ ಪ್ರಮಾಣ ದಿನಕ್ಕೆ ಸುಮಾರು 3 ಲೀಟರ್. ಇದಕ್ಕೆ ಹೃದಯದಂಥ ಪಂಪಿಲ್ಲ. ನಾಳಗಳ ಗೋಡೆಯ ಸಂಕೋಚನ, ಸ್ನಾಯುಗಳ ಚಲನೆ, ಉಸಿರಾಟಗಳೇ ರಸವನ್ನು ತಳ್ಳುತ್ತವೆ. ಅದು ಹಿಂದಕ್ಕೆ ಹರಿಯದಂತೆ ಕವಾಟಗಳಿವೆ. ದಾರಿಯುದ್ದಕ್ಕೂ ನೂರಾರು ದುಗ್ಧಗ್ರಂಥಿಗಳು ಕಾವಲುಗಾರರಂತೆ ಕುಳಿತು ರೋಗಾಣುಗಳನ್ನು ತಡೆಯುತ್ತವೆ. ಕಾಲಿನ ಗಾಯ ಕೀವುಗಟ್ಟಿದಾಗ ತೊಡೆಸಂದಿನಲ್ಲಿ ಗಂಟು ಏಳುವುದು ಇದರಿಂದಲೇ.

ಹರಿವು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಆನೆಕಾಲು ರೋಗ ತೋರಿಸುತ್ತದೆ. ದುಗ್ಧನಾಳಗಳಲ್ಲಿ ಬೀಡುಬಿಡುವ ದಾರದಂಥ ಹುಳುಗಳು ಅವನ್ನು ಹಾಳುಗೆಡವುತ್ತವೆ. ದ್ರವ ನಿಂತು ಕಾಲು ಊದುತ್ತದೆ. ಈ ಹುಳುವಿನ ಮರಿಗಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಲ್ಲಿ ಕಂಡದ್ದು 1877ರಲ್ಲಿ. ಕಲಬುರಗಿ, ಬೀದರ್ ಸೀಮೆಯ ಜನರಿಗೆ ಈ ರೋಗ ಹೊಸದಲ್ಲ. ಊರೂರಲ್ಲಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವುದು ಹುಳು ಹರಡದಿರಲೆಂದು. ಒಮ್ಮೆ ಪೂರ್ತಿ ಊದಿ ದಪ್ಪಗಟ್ಟಿದ ಕಾಲನ್ನು ಮೊದಲಿನಂತೆ ಮಾಡುವುದು ಕಷ್ಟ.

ಮಿದುಳಿಗೆ ಮಾತ್ರ ಇಂಥ ನಾಳಗಳಿಲ್ಲ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2015ರಲ್ಲಿ ಅಮೆರಿಕ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಇಲಿಗಳ ಮಿದುಳಿನ ಹೊರಪೊರೆಯಲ್ಲೂ ಅವುಗಳನ್ನು ತೋರಿಸಿಕೊಟ್ಟರು. ಅಸೆಲ್ಲಿಯ ನಾಯಿಯಿಂದ ಶುರುವಾದ ಹುಡುಕಾಟ ನಾಲ್ಕು ಶತಮಾನಗಳಾದರೂ ಮುಗಿದಿಲ್ಲ.